ಸೀಲು ನೋಡಿ ತಂದ ಗಾಜು

ವಸ್ತು ಕೊಳ್ಳುವವರಲ್ಲಿ ಎರಡು ಜಾತಿ. ಕಣ್ಣಿನಲ್ಲಿ ಕೊಳ್ಳುವವರು ಒಂದು, ಬಾಯಲ್ಲಿ ಕೊಳ್ಳುವವರು ಇನ್ನೊಂದು. ಕಣ್ಣಿನ ಜಾತಿಯವರು ಮಾಲನ್ನು ತಿರುವಿ ಮುರುವಿ, ತಟ್ಟಿ, ಮೂಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಆಮೇಲೆ ಅಂಗಡಿಯವನು ಹೇಳಿದ ಬೆಲೆಯನ್ನೇ ಕೊಟ್ಟು ತೆಪ್ಪಗೆ ಮನೆಗೆ ಹೋಗುತ್ತಾರೆ. ಬಾಯಿಯ ಜಾತಿಯವರಿಗೆ ಮಾಲು ಬರೀ ನೆಪ. ಹೇಳಿದ ಬೆಲೆಗೂ ಕೊಟ್ಟ ಬೆಲೆಗೂ ನಡುವಿನ ಅಂತರ ಇದೆಯಲ್ಲ, ಅವರು ನಿಜವಾಗಿ ಕೊಂಡದ್ದು ಅದನ್ನೇ. ಅದರ ಜೊತೆಗೆ ಮಂಚವೋ ಮಿಕ್ಸಿಯೋ ಬಂದರೆ ಅದು ಕೊಸರು. ನಾನು ಈ ಎರಡನೆಯ ಜಾತಿ. ಚಳ್ಳಕೆರೆಯ ಮಾರುಕಟ್ಟೆ ಅಂಗಳದಲ್ಲಿ ಹರಕು ಗೋಣಿಚೀಲ ಕೊಂಡು, ಹೊಲಿಸಿ, ಹೊಲಿಗೆ ಒಳಮೈಗೆ ಬರುವ ಹಾಗೆ ಮಡಚಿ ಮಾರುತ್ತ ಮೇಲೆ ಬಂದವನು. ಅಪ್ಪ ಬಿಟ್ಟುಹೋದ ಆಸ್ತಿ ಅಂದರೆ ಈ ನಾಲಿಗೆ ಒಂದೇ; ಪುಣ್ಯಕ್ಕೆ ಅದರಲ್ಲಿ ಯಾರೂ ಪಾಲು ಕೇಳಲಿಲ್ಲ. ಗೋಣಿಚೀಲದಿಂದ ಹಳೇ ಮನೆಗಳ ಬಾಗಿಲು, ಕಿಟಕಿ, ತೊಲೆಗಳಿಗೆ ಬಡ್ತಿ ಪಡೆದು, ಪಾವಗಡ ರಸ್ತೆಯಲ್ಲಿ ತಗಡಿನ ಗೋದಾಮು ಹಾಕಿಕೊಂಡಾಗ ನನ್ನ ಹೆಂಡತಿ ಊರೆಲ್ಲ ಹೇಳಿಕೊಂಡು ಬಂದದ್ದು ಒಂದೇ ಮಾತು: "ಯಮ ಬಂದ್ರೂ ನಮ್ಮನೆಯವರು ಮೊದ್ಲು ಕೋಣಕ್ಕೆ ಬೆಲೆ ಕಟ್ತಾರೆ." ಅವಳು ಅದನ್ನು ಹೊಗಳಿಕೆಯಾಗಿ ಹೇಳಿರಲಿಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಚೌಕಾಸಿ ಬಲ್ಲವನಿಗೆ ಇನ್ನೊಂದು ರೋಗ ಉಚಿತವಾಗಿ ಅಂಟುತ್ತದೆ. ಅದು ಸಲಹೆ ಕೊಡುವ ರೋಗ. ಬಸ್ಸಿನಲ್ಲಿ ಪಕ್ಕದವನು ಕುಂಬಳಕಾಯಿ ತಬ್ಬಿಕೊಂಡು ಕೂತಿದ್ದರೆ ಅದನ್ನು ಎಲ್ಲಿ ಕೊಂಡ, ಎಲ್ಲಿ ಕೊಳ್ಳಬೇಕಿತ್ತು, ಈಗ ಹೇಗೆ ಹಿಡಿದಿದ್ದಾನೆ, ಹೇಗೆ ಹಿಡಿಯಬೇಕು ಎಂದು ಮುಂದಿನ ಊರು ತಳುಕು ಬರುವುದರೊಳಗೆ ಹೇಳಿ ಮುಗಿಸದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಆ ಮನುಷ್ಯ ತಳುಕಿನಲ್ಲಿ ಇಳಿದುಬಿಡುತ್ತಾನೆ. ಅವನ ಊರು ತಳುಕೇ ಆಗಿರುತ್ತದೆ ಎಂದು ನಾನು ಇಷ್ಟು ದಿನ ನಂಬಿದ್ದೆ.

ಈ ಎರಡೂ ರೋಗಗಳು ಒಟ್ಟಿಗೆ ಉಲ್ಬಣಿಸಿದ್ದು ಮೊಳಕಾಲ್ಮೂರಿನಲ್ಲಿ, ನನ್ನ ಅಕ್ಕನ ಅಂಗಡಿಯಲ್ಲಿ. ಅಕ್ಕನದೂ ಭಾವನದೂ ಅಲ್ಲಿ ರೇಷ್ಮೆ ಸೀರೆ ವ್ಯಾಪಾರ. ಸುತ್ತಮುತ್ತಲ ಮಗ್ಗದ ಮನೆಗಳವರು ನೇಯ್ದು ತಂದದ್ದನ್ನು ಇವರು ಮಾರುತ್ತಾರೆ. ಅಕ್ಕನಿಗೆ ಬಾಯಿ, ಭಾವನಿಗೆ ಮೌನ. ಭಾವ ಮಾತನ್ನು ಜರಿಯ ಹಾಗೆ ಬಳಸುವವರು, ಅಂಚಿಗೆ ಮಾತ್ರ. ಆದರೆ ಆ ಅಂಚೇ ಕೊಯ್ಯುತ್ತದೆ. ಅಂಗಡಿ ಇರುವುದು ದೊಡ್ಡ ರಸ್ತೆಯ ಮೇಲೆ. ಆಂಧ್ರದ ಕಡೆಯಿಂದ ಬರುವ ಲಾರಿ, ಇಲ್ಲಿಂದ ಆ ಕಡೆ ಹೋಗುವ ಲಾರಿ, ಎರಡರ ನಡುವೆ ಖಾಸಗಿ ಬಸ್ಸುಗಳ ಪಂದ್ಯ. ಪ್ರದರ್ಶನಕ್ಕೆಂದು ಮುಂದಿನ ಕಿಟಕಿಯಲ್ಲಿ ಇಳಿಬಿಟ್ಟ ಗಿಳಿಹಸಿರು ಸೀರೆ ಸಂಜೆಯ ಹೊತ್ತಿಗೆ ಸಗಣಿಹಸಿರಾಗುತ್ತಿತ್ತು. ಹಳೇ ಮರದ ಚೌಕಟ್ಟು, ನಡುವೆ ಸಡಿಲ ಗಾಜು. ಲಾರಿ ಹೋದಾಗೆಲ್ಲ ಅದು ಗಡಗಡ ಅಂದು ದೂಳನ್ನು ಒಳಗೆ ಬರಮಾಡಿಕೊಳ್ಳುತ್ತಿತ್ತು. "ಲೇ ತಿಪ್ಪೇಶಿ, ಊರಿಗೆಲ್ಲಾ ಬುದ್ಧಿ ಹೇಳ್ತೀಯ, ನಮ್ಮ ಕಿಟಕಿಗೊಂದು ದಾರಿ ಹೇಳೋ," ಎಂದಳು ಅಕ್ಕ. ಕೇಳದವರಿಗೇ ಹೇಳುವವನು ನಾನು. ಕೇಳಿದರೆ ಬಿಡುತ್ತೇನೆಯೆ?

ಅದು ಮೊಬೈಲು ಇನ್ನೂ ಸಾಹುಕಾರರ ಸೊಂಟದಲ್ಲಿ ಮಾತ್ರ ಇದ್ದ ಕಾಲ. ಬೆಂಗಳೂರಿನಲ್ಲಿ ಯಾವುದೋ ಕಚೇರಿ ಒಡೆಯುತ್ತಿದ್ದಾರೆ, ಅಲ್ಯೂಮಿನಿಯಂ ಚೌಕಟ್ಟಿನ ಸಮೇತ ಎರಡು ಪದರದ ಮೂರು ಗಾಜು ಇವೆ ಎಂದು ಹಳೇ ಸಾಮಾನಿನ ಬಳಗದವರೊಬ್ಬರು ಸುದ್ದಿ ಕೊಟ್ಟಿದ್ದರು. ಹೋಗಿ ನೋಡಿದೆ. ಒಂದೊಂದರಲ್ಲೂ ಎರಡು ಗಾಜು, ನಡುವೆ ಬೆರಳಗಲ ಖಾಲಿ ಜಾಗ, ಸುತ್ತ ಕಪ್ಪು ಅಂಟು. ಅಲ್ಲಿ ನಿಂತಿದ್ದ ವ್ಯಾಪಾರಿ ಬಾಯಿಪಾಠ ಒಪ್ಪಿಸಿದ: ದೂಳು ಬರಲ್ಲ, ಸದ್ದು ಬರಲ್ಲ, ಶಾಖ ಬರಲ್ಲ. "ಸೀಲ್ ಎಲ್ಲಾ ಚೆನ್ನಾಗಿದೆ ಸಾರ್. ಇದಕ್ಕೆ ಸೀಲೇ ಜೀವ."

ಇಲ್ಲಿ ಓದುಗರು ನನ್ನ ಹಿನ್ನೆಲೆಯನ್ನು ಸ್ವಲ್ಪ ಗಮನಿಸಬೇಕು. ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಬೆಳೆದವನಿಗೆ ಸೀಲು ಅಂದರೆ ಒಂದೇ ಅರ್ಥ, ಮುದ್ರೆ. ತೂಕದ ಕಲ್ಲಿಗೆ ಅಧಿಕಾರಿಗಳು ಬಂದು ಸೀಲು ಒತ್ತುತ್ತಾರೆ. ಎಣ್ಣೆ ಡಬ್ಬಕ್ಕೆ ಮಿಲ್ಲಿನವರು ಸೀಲು ಒತ್ತುತ್ತಾರೆ. ಸೀಲಿದ್ದರೆ ಮಾಲು ಅಸಲಿ, ಇಲ್ಲದಿದ್ದರೆ ಕಲಬೆರಕೆ. "ಎಲ್ಲಿ, ಸೀಲು ತೋರ್ಸಪ್ಪ," ಎಂದೆ ಗತ್ತಿನಲ್ಲಿ. ಅವನು ಗಾಜಿನ ಸುತ್ತ ಬೆರಳು ಓಡಿಸಿ ತೋರಿಸಿದ. ಆ ಬೆರಳನ್ನೇ ಹಿಂಬಾಲಿಸಿದ ನನ್ನ ಕಣ್ಣಿಗೆ ಕೆಳಮೂಲೆಯಲ್ಲಿ ಉಗುರಿನಷ್ಟು ದೊಡ್ಡ ಗುಂಡನೆಯ ಅಚ್ಚು ಕಾಣಿಸಿತು, ಒಳಗೆ ಏನೋ ಇಂಗ್ಲಿಷ್ ಅಕ್ಷರ. "ಇದೇ ತಾನೆ?" ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದ. ಆಮೇಲೆ ಬಹಳ ಮೃದುವಾಗಿ, "ಅದೇ ಸಾರ್," ಎಂದ. ನಾನು ಬಗ್ಗಿ ಪ್ರತಿಯೊಂದು ಗಾಜಿನ ಮೂಲೆಯನ್ನೂ ಉಗುಳು ಹಚ್ಚಿ ಒರೆಸಿ, ಮುದ್ರೆ ಖಾತ್ರಿ ಮಾಡಿಕೊಂಡು, ಚೌಕಾಸಿಗೆ ಇಳಿದೆ. "ಎರಡು ಗಾಜು ಅಂತೀಯ, ಕಣ್ಣಿಗೆ ಕಾಣೋದು ಒಂದೇ. ಕಾಣದ ಗಾಜಿಗೆ ನಾನ್ಯಾಕೆ ದುಡ್ಡು ಕೊಡ್ಲಿ? ನಡುವೆ ಗಾಳಿ ಐತೆ ಅಂತೀಯ. ನಮ್ಮೂರಲ್ಲಿ ಎಲ್ಲದಕ್ಕೂ ಬರ ಬಂದೈತೆ, ಗಾಳಿಗೆ ಮಾತ್ರ ಬಂದಿಲ್ಲ." ಅವನು ಬೇಗ ಸೋತ. ಬೇಗ ಸೋಲುವ ವ್ಯಾಪಾರಿಯ ಬಗ್ಗೆ ಯಾವಾಗಲೂ ಅನುಮಾನವಿರಲಿ, ಇದು ನಾನು ಎಲ್ಲರಿಗೂ ಕೊಡುವ ಸಲಹೆ. ಆ ದಿನ ಪಕ್ಕದಲ್ಲಿ ಇದನ್ನು ನನಗೆ ಹೇಳುವವರು ಯಾರೂ ಇರಲಿಲ್ಲ.

ಗಾಜು ಕೂರಿಸಲು ಚಳ್ಳಕೆರೆಯಿಂದ ಮಕಬೂಲನನ್ನು ಕರೆದುಕೊಂಡು ಹೋದೆ. ಮಕಬೂಲನದು ನಮ್ಮ ಗೋದಾಮಿನ ಎದುರಿಗೇ ಕನ್ನಡಿ, ದೇವರ ಪಟ, ಮದುವೆ ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. "ಅರೆ ತಿಪ್ಪೇಶಣ್ಣ, ಡಬಲ್ ಗಾಜು ನಂಗೇನು ಹೊಸದಾ? ಎಷ್ಟು ಕೂರಿಸಿಲ್ಲ ನಾನು!" ಎಂದವನು, ಅದನ್ನು ಇಳಿಸುವಾಗ ನಡುವೆ ಕೈ ಹಾಕಿ ಹಿಡಿಯಲು ಜಾಗ ಹುಡುಕುತ್ತಿದ್ದ. ಚೌಕಟ್ಟಿನ ಅಡಿಪಟ್ಟಿಯಲ್ಲಿ ಉದ್ದಕ್ಕೆ ಸಣ್ಣ ಸಣ್ಣ ಸೀಳುಗಳಿದ್ದವು. ಒಳಕ್ಕೆ ಇಳಿದ ಮಳೆನೀರು ಹೊರಗೆ ಹರಿದುಹೋಗಲಿ ಎಂದು ಮಾಡಿದ ತೂತುಗಳು ಅವು ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

"ಇದ್ಯಾಕಪ್ಪ ತೂತು?" ಎಂದರು ಭಾವ.

"ಕಂಪನಿಯವರು ಮಾಡಿದ ಅರ್ಧಂಬರ್ಧ ಕೆಲಸ ಭಾವ," ಎಂದೆ ನಾನು. "ಇರುವೆ ಬರ್ತಾವೆ, ದೂಳು ಬರುತ್ತೆ. ಲೇ ಮಕಬೂಲ, ಪುಟ್ಟಿ ಹಾಕಿ ಮುಚ್ಚಿಬಿಡೋ."

"ನಾನೂ ಅದೇ ಹೇಳೋಣ ಅಂತಿದ್ದೆ," ಎಂದ ಮಕಬೂಲ. ಒಂದು ತೂತೂ ಬಿಡದಂತೆ ಮುಚ್ಚಿ, ಬೆರಳಿನಿಂದ ನೀವಿ, ಹಿಂದೆ ಸರಿದು ತಾನೇ ತಲೆದೂಗಿದ.

ಮೊದಮೊದಲು ಮಾತ್ರ ಆ ಕಿಟಕಿಯದು ವೈಭವ. ಹೊರಗೆ ಲಾರಿಗಳು ಮೂಕಿ ಚಿತ್ರದಲ್ಲಿ ಹೋಗುವಂತೆ ಹೋದವು. ಬಸ್ಸಿನ ಕಂಡಕ್ಟರು ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಊರ ಹೆಸರು ಕೇಳುತ್ತಿರಲಿಲ್ಲ. ಗಿಳಿಹಸಿರು ಸಂಜೆಯವರೆಗೂ ಗಿಳಿಹಸಿರೇ. ಅಕ್ಕ ಬಂದವರಿಗೆಲ್ಲ, "ನನ್ನ ತಮ್ಮ ತಂದದ್ದು," ಎನ್ನುತ್ತಿದ್ದಳು. ನಾನು ಕೆಲಸವಿಲ್ಲದಿದ್ದರೂ ಬಸ್ಸು ಹತ್ತಿ ಹೋಗಿ, ಆ ಮಾತು ಕೇಳಿಸಿಕೊಂಡು, ಚಹಾ ಕುಡಿದು ಬರುತ್ತಿದ್ದೆ. ಭಾವ ಮಾತ್ರ ಒಮ್ಮೆ, "ದೂಳಿನ ಜೊತೆ ಗಿರಾಕೀನೂ ಆ ಕಡೆಗೇ ನಿಲ್ತಾವ್ನೆ," ಎಂದರು. ಅಸೂಯೆ ಎಂದುಕೊಂಡೆ.

ಒಂದು ಮಳೆಗಾಲ ಕಳೆಯಿತು. ಕಾರ್ತಿಕದ ಚಳಿ ಹಿಡಿದ ಮೇಲೆ ಒಂದು ಬೆಳಿಗ್ಗೆ ಗೋದಾಮಿಗೆ ಫೋನು ಬಂತು. "ಲೇ, ನಿನ್ನ ಗಾಜು ಬೆವರ್ತಾ ಐತೆ," ಎಂದಳು ಅಕ್ಕ.

"ಒರೆಸಕ್ಕ."

"ಒರೆಸ್ದೆ."

"ಒಳಗಡೆಯಿಂದ ಒರೆಸಿದ್ಯೋ, ಹೊರಗಡೆಯಿಂದ್ಲೋ?"

"ಎರಡೂ ಕಡೆ ಒರೆಸ್ದೆ ಕಣೋ! ಇನ್ನೆಲ್ಲಿ ಒರೆಸ್ಲಿ? ನಿನ್ನ ಮುಖಾನಾ?"

ಹೋಗಿ ನೋಡಿದೆ. ಎರಡು ಗಾಜಿನ ನಡುವೆ, ಬೆರಳೂ ಬಟ್ಟೆಯೂ ಹೋಗದ ಆ ಬೆರಳಗಲದ ಲೋಕದಲ್ಲಿ, ಮಂಜು ಕವಿದಿತ್ತು. ನನಗೆ ಬುದ್ಧಿ ಬಂದದ್ದು ಕೆಟ್ಟ ಮೇಲೆ. ನಿಮಗೆ ಓದಿಯೇ ಬರಲಿ ಎಂದು ಇಷ್ಟು ಹೇಳಿಬಿಡುತ್ತೇನೆ. ಗಾಜಿನ ಮೇಲೆ ಮಂಜು ಕಂಡರೆ ಒಳಗೊಮ್ಮೆ ಹೊರಗೊಮ್ಮೆ ಒರೆಸಿ. ಹೋದರೆ ಅದು ಚಳಿಗಾಲ, ಹೋಗದಿದ್ದರೆ ಅದು ಗ್ರಹಚಾರ. ಗ್ರಹಚಾರದಲ್ಲೂ ಮೂರು ಹಂತ ಇವೆ. ಬೆಳಿಗ್ಗೆ ಕವಿದು ಮಧ್ಯಾಹ್ನ ಬಿಸಿಲಿಗೆ ಮಾಯವಾದರೆ ರೋಗ ಈಗ ತಾನೇ ಬಂದಿದೆ. ಹನಿಗಟ್ಟಿ ಒಳಗೊಳಗೇ ಕಣ್ಣೀರಿನಂತೆ ಇಳಿದರೆ ಬಲಿತಿದೆ. ಆ ಕಣ್ಣೀರು ಒಣಗಿ ಬಿಳಿ ಕಲೆ ಉಳಿಸಿದರೆ ವೈದ್ಯರ ಕೈ ಮೀರಿದೆ. ಅಂಚಿನ ಕಪ್ಪು ಅಂಟನ್ನೂ ನೋಡಿ. ಅದು ಬಿರಿದಿದ್ದರೆ, ಅಥವಾ ಬೇಸಿಗೆಯ ಬೆಲ್ಲದಂತೆ ಜಿನುಗಿದ್ದರೆ, ಗಾಜು ಉಸಿರಾಡಲು ಕಲಿತಿದೆ ಎಂದರ್ಥ. ನಮ್ಮ ಕಡೆಯ ಬಿಸಿಲಿಗೆ ನಡುವಿನ ಗಾಳಿ ಹಗಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಅಂಟು ಎಲ್ಲಾದರೂ ಬಿಟ್ಟಿತೋ, ಕುಗ್ಗುವಾಗ ಹೊರಗಿನ ತೇವವನ್ನು ಒಳಗೆಳೆದುಕೊಳ್ಳುತ್ತದೆ. ಅಕ್ಕನ ಕಿಟಕಿಯಲ್ಲಿ ಈ ಮೂರೂ ಹಂತಗಳು ಮೂರು ಗಾಜುಗಳಲ್ಲಿ ಬೇರೆ ಬೇರೆ ಪ್ರದರ್ಶನಕ್ಕಿದ್ದವು. ಸೀರೆಗಿಂತ ಅವೇ ಚೆನ್ನಾಗಿ ಕಾಣುತ್ತಿದ್ದವು.

"ಅಂಗಡಿಗೆ ಪೊರೆ ಬಂದೈತೆ," ಎಂದರು ಭಾವ.

ತಮಾಷೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆ ವರ್ಷ ರಾಯದುರ್ಗದ ಕಡೆಯ ಒಂದು ದೊಡ್ಡ ಮನೆತನದಲ್ಲಿ ಮದುವೆ ಇತ್ತು. ಸಂಕ್ರಾಂತಿ ಕಳೆದ ಮೇಲೆ ಜವಳಿ ತೆಗೆಯಲು ಮೊಳಕಾಲ್ಮೂರಿಗೇ ಬರುತ್ತಾರೆ ಎಂಬ ಸುದ್ದಿ ಊರಿಗೆಲ್ಲ ತಿಳಿದಿತ್ತು. ಅವರ ಮನೆಯ ಗಂಡಸರಿಬ್ಬರು ಮುಂಚೆಯೇ ಅಂಗಡಿ ನೋಡಿಹೋಗಲು ಬಂದು, ಬೆಳಗಿನ ಹೊತ್ತು ಅಕ್ಕನ ಕಿಟಕಿಯೆದುರು ನಿಂತು, "ರಂಗು ಪೋಯಿಂದಿ," ಎಂದು ತಮ್ಮ ತೆಲುಗಿನಲ್ಲಿ ಹೇಳಿಕೊಂಡು ಎದುರಂಗಡಿಗೆ ನಡೆದಿದ್ದರು. ಬಣ್ಣ ಹೋಗಿದೆಯಂತೆ! ನಿನ್ನೆ ಮಗ್ಗದಿಂದ ಇಳಿದ ಸೀರೆಗೆ! ಎದುರಂಗಡಿಯವರಿಗೆ ಒಂದೇ ಒಂದು ಸಾದಾ ಗಾಜು, ದಿನಾ ಬೆಳಿಗ್ಗೆ ನೀರೆರಚಿ ತೊಳೆಯುತ್ತಿದ್ದರು. ಅಕ್ಕ ನನ್ನನ್ನು ಒಳಗೆ ಕರೆದು ಕೂರಿಸಿ, ದನಿ ತಗ್ಗಿಸಿ ಹೇಳಿದಳು. ಅಕ್ಕ ದನಿ ತಗ್ಗಿಸಿದರೆ ನನಗೆ ಹೆದರಿಕೆ. "ನೋಡು ತಮ್ಮ, ಆ ಜವಳಿ ನಂಬ್ಕೊಂಡು ಮಗ್ಗದೋರಿಗೆ ಕೆಲ್ಸ ಹೇಳಿದೀನಿ. ಅವ್ರು ನೇಯ್ದು ಕೂತವ್ರೆ. ಈ ಸರ್ತಿ ಅದು ಎದುರಿಗೆ ಹೋದ್ರೆ ಅವ್ರ ಮುಖ ನಾನ್ ಹೆಂಗ್ ನೋಡ್ಲಿ? ಅವ್ರು ಬರೋದ್ರೊಳಗೆ ಈ ಪೊರೆ ತೆಗ್ಸು. ಇಲ್ಲಾಂದ್ರೆ ಚಳ್ಳಕೆರೆಯಿಂದ ಈ ಕಡೆ ಬಸ್ಸು ಹತ್ತಬೇಡ."

ಮಕಬೂಲ ಬಂದ. ಗಾಜಿಗೆ ಕಿವಿ ಕೊಟ್ಟ, ತಟ್ಟಿದ, ಮೂಸಿದ. "ಸೀಲ್ ಗಯಾ ತಿಪ್ಪೇಶಣ್ಣ. ಸೀಲು ಹೋಗಿಬಿಟ್ಟೈತೆ."

"ಎಲ್ಲಿ ಹೋಗೈತೆ? ಇಲ್ಲೇ ಐತಲ್ಲೋ!" ಎಂದು ನಾನು ಮೂಲೆಯ ಗುಂಡು ಮುದ್ರೆಗೆ ಬೆರಳು ಒತ್ತಿದೆ. "ಮೂರಕ್ಕೂ ಐತೆ. ನೋಡಿಯೇ ತಂದಿದ್ದು."

ಮಕಬೂಲ ಮುದ್ರೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನೆಟ್ಟಗೆ ಎಸ್‌ಟಿಡಿ ಬೂತಿಗೆ ಹೋಗಿ, ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ತನ್ನ ಷಡ್ಡಕನ ಹತ್ತಿರ ಬಹಳ ಹೊತ್ತು ಉರ್ದುವಿನಲ್ಲಿ ಕೂಗಾಡಿ, ಹಿಂದಿರುಗಿದಾಗ ಅವನ ನಡಿಗೆಯೇ ಪಂಡಿತನದಾಗಿತ್ತು. "ಸೀಲ್ ಅಂದ್ರೆ ಠಸ್ಸೆ ಅಲ್ಲ ಅಣ್ಣ. ಸುತ್ತ ಐತಲ್ಲ ಕಪ್ಪು ಅಂಟು, ಅದೇ ಸೀಲು. ಅದು ಬಿಟ್ಟುಕೊಂಡೈತೆ. ಗಾಜಿನ ನಡುವೆ ಪಟ್ಟಿ ಐತೆ, ಅದ್ರೊಳಗೆ ಸಬ್ಬಕ್ಕಿ ಥರಾ ಕಾಳು ಐತೆ, ಅದು ತೇವ ಕುಡಿಯೋದು. ಕುಡಿದೂ ಕುಡಿದೂ ಅದಕ್ಕೆ ಹೊಟ್ಟೆ ತುಂಬ್ತು. ಇದೆಲ್ಲಾ ನಂಗೆ ಮೊದ್ಲೇ ಗೊತ್ತಿತ್ತು, ಸುಮ್ನೆ ಒಂದು ಮಾತು ಕೇಳಣ ಅಂತ ಫೋನ್ ಮಾಡ್ದೆ."

"ಅಂದ್ರೆ ಬೆಂಗಳೂರಿನಲ್ಲಿ ನಾನು ನೋಡಿದ ಸೀಲು...?"

"ಅದು ಗಾಜು ಮಾಡಿದ ಕಂಪನಿ ಹೆಸ್ರು."

ಹಿಂದಿನಿಂದ ಭಾವನ ದನಿ ಬಂತು: "ಎತ್ತಿನ ಹಲ್ಲು ನೋಡು ಅಂದ್ರೆ ಬರೆ ನೋಡ್ಕೊಂಡು ಬಂದವ್ನೆ."

ಪುಟ್ಟಿಯ ಸಂಗತಿಯೂ ಆಗಲೇ ಹೊರಬಿತ್ತು. ಅಡಿಪಟ್ಟಿಯಲ್ಲಿ ಮಳೆಗಾಲದ ನೀರು ಹೋಗಲು ದಾರಿಯಿಲ್ಲದೆ ನಿಂತು, ಗಾಜಿನ ಕಾಲನ್ನು ತಿಂಗಳುಗಟ್ಟಲೆ ನೆನೆಸಿ, ಆ ಅಂಟನ್ನು ಕೊಳೆಸಿತ್ತು. ತೂತು ಮುಚ್ಚಲು ಹೇಳಿದವರು ಯಾರು ಎಂಬ ಬಗ್ಗೆ ನನಗೂ ಮಕಬೂಲನಿಗೂ ಸ್ವಲ್ಪ ಭಿನ್ನಾಭಿಪ್ರಾಯವಾಯಿತು. ಭಾವ ಸಾಕ್ಷಿ ಹೇಳಿದ ಮೇಲೆ ಅದು ನಿವಾರಣೆಯಾಯಿತು.

ಷಡ್ಡಕ ಹೇಳಿದ ಮದ್ದು ಎರಡು. ಉತ್ತಮವಾದದ್ದು, ಚೌಕಟ್ಟು ಹಾಗೇ ಇಟ್ಟುಕೊಂಡು ಗಾಜಿನ ಜೋಡಿಯನ್ನು ಹೊಸದಾಗಿ ಮಾಡಿಸಿ ಕೂರಿಸುವುದು. ಎರಡನೆಯದು, ಇದ್ದದ್ದನ್ನೇ ಕಳಚಿ, ಅಂಟು ಕೊಯ್ದು, ಗಾಜು ಬೇರೆ ಮಾಡಿ, ತೊಳೆದು ಒಣಗಿಸಿ, ಕಾಳು ಬದಲಿಸಿ ಮತ್ತೆ ಅಂಟಿಸುವುದು. ಎರಡಕ್ಕೂ ಹಣ, ಹೊತ್ತು. ನನ್ನೊಳಗಿನ ಬಾಯಿ ಜಾತಿ ಎಚ್ಚರವಾಯಿತು. "ಅಲ್ವೋ ಮಕಬೂಲ, ಅಂಟು ಬಿಟ್ಟೈತೆ ಅಂದ್ರೆ ಬಿಟ್ಟ ಕಡೆ ಮೇಲಿಂದ ಹೊಸ ಅಂಟು ಬಳಿದ್ರಾಯ್ತು. ಕಳಚೋದು ಯಾಕೆ?" ಅವನು ತಲೆ ಕೆರೆದುಕೊಂಡ. ನಾನು ಅವನ ಕೆಲಸವನ್ನು ಅರ್ಧಕ್ಕರ್ಧ ಇಳಿಸಿದೆ. ಬೆಲೆ ಇಳಿಸುವುದೂ ಕೆಲಸ ಇಳಿಸುವುದೂ ಬೇರೆ ಬೇರೆ ಎಂದು ನನ್ನ ಇಷ್ಟು ವರ್ಷದ ವಿದ್ಯೆ ನನಗೆ ಕಲಿಸಿರಲಿಲ್ಲ. ಅವನು ಸುತ್ತಲೂ ಕೊಳವೆಯಿಂದ ಹೊಸ ಅಂಟು ಹಿಂಡಿ, ನೀವಿ, ಬಿಗಿ ಮಾಡಿದ. ಅದರಿಂದ ಒಂದು ಲಾಭವಾಯಿತು. ಮೊದಲು ಮಧ್ಯಾಹ್ನವಾದರೂ ಹೊರಟುಹೋಗುತ್ತಿದ್ದ ಮಂಜು ಈಗ ದಾರಿ ಸಿಗದೆ ಅಲ್ಲೇ ಮನೆ ಮಾಡಿತು. ಕಳ್ಳ ಒಳಗಿರುವಾಗ ಬಾಗಿಲಿಗೆ ಬೀಗ ಹಾಕಿದ್ದೆವು. ಮೊಳಕಾಲ್ಮೂರಿನಲ್ಲಿ ಮಳೆ ಬೀಳದ ದಿನವೂ ಅಕ್ಕನ ಕಿಟಕಿಯೊಳಗೆ ಸಣ್ಣಗೆ ಹನಿಯುತ್ತಿತ್ತು.

ಕೊನೆಗೆ ಕಳಚಿದ್ದಾಯಿತು. ಗಾಜುಗಳನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಚಳ್ಳಕೆರೆಗೆ ತಂದು, ಮಕಬೂಲನ ಅಂಗಡಿಯ ಮುಂದೆ ಬ್ಲೇಡಿನಿಂದ ಅಂಟು ಕೊಯ್ದು ಬಿಡಿಸಿದೆವು. ಇಷ್ಟು ದಿನ ನಮ್ಮನ್ನು ಕಾಡಿದ ಬಿಸಿಲು ಅಂದು ಮೊದಲ ಬಾರಿಗೆ ನಮ್ಮ ಕಡೆಗಿತ್ತು. ಬಿಳಿ ಕಲೆಗೆ ಹುಣಸೆಹಣ್ಣು ತಿಕ್ಕಿದೆವು. ಎರಡು ಜೋಡಿ ಒಪ್ಪಿಕೊಂಡವು, ಮೂರನೆಯದು ಒಪ್ಪಲಿಲ್ಲ. ತೇವ ಕುಡಿಯುವ ಕಾಳಿಗಾಗಿ ನಾನು ಊರಿನ ಚಪ್ಪಲಿ ಅಂಗಡಿಗಳನ್ನೆಲ್ಲ ಸುತ್ತಿ, ಹೊಸ ಬೂಟಿನೊಳಗೆ ಇಟ್ಟಿರುವ ಆ ಪುಟ್ಟ ಪೊಟ್ಟಣಗಳನ್ನು ಪುಕ್ಕಟೆ ಕೇಳಿ ತಂದೆ. ಪುಕ್ಕಟೆ ಸಿಕ್ಕಿದ್ದರಲ್ಲಿ ಚೌಕಾಸಿಗೆ ಅವಕಾಶವಿಲ್ಲದೆ ಸ್ವಲ್ಪ ಬೇಸರವೂ ಆಯಿತು. ಅವೂ ಈಗಾಗಲೇ ಬೇಕಾದಷ್ಟು ತೇವ ಕುಡಿದಿರುತ್ತವೆ, ಬಿಸಿ ಮಾಡಿ ಒಣಗಿಸಬೇಕು ಎಂದ ಮಕಬೂಲ. ಮನೆಗೆ ತಂದು ತಟ್ಟೆಗೆ ಸುರಿದು ಕೈಕಾಲು ತೊಳೆಯಲು ಹೋಗಿ ಬರುವಷ್ಟರಲ್ಲಿ ಅವ್ವ ಅದನ್ನು ಪಾಯಸಕ್ಕೆ ನೆನೆಹಾಕಲು ನೀರು ಹಿಡಿದು ನಿಂತಿದ್ದಳು. "ಸಬ್ಬಕ್ಕಿ ಚೆನ್ನಾಗೈತೆ ಕಣೋ, ಎಲ್ಲಿ ತಂದೆ?" ಎಂದಳು. ಚಪ್ಪಲಿ ಅಂಗಡಿಯಲ್ಲಿ ಎಂದೆ. ಅವ್ವ ಅಂದಿನಿಂದ ನಾನು ತಂದ ಯಾವ ದಿನಸಿಯನ್ನೂ ಮೂಸದೆ ಮುಟ್ಟುವುದಿಲ್ಲ. ಕಾಳು ಹುರಿದ ಬಾಣಲೆಯನ್ನು ನನ್ನ ಹೆಂಡತಿ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಇತ್ತ ಮೊಳಕಾಲ್ಮೂರಿನಲ್ಲಿ ಅಂಗಡಿಯ ಮುಂದೆ ಗಾಜಿಲ್ಲದ ದೊಡ್ಡ ಕಿಂಡಿ. "ನೀನು ಮಾಡಿದ ತೂತಿಗೆ ನೀನೇ ಕಾವಲು," ಎಂದಳು ಅಕ್ಕ. ಹಾಗೆ ನಾನು ಕಿಟಕಿಯ ಕಟ್ಟೆಯ ಮೇಲೆ, ಸೀರೆಗಳ ಪಕ್ಕದಲ್ಲಿ, ಕೈಯಲ್ಲಿ ಟವೆಲು ಹಿಡಿದು ದೂಳು ಬೀಸಿಕೊಂಡು ಕೂತೆ. ರಸ್ತೆಯಲ್ಲಿ ಕುರಿಮಂದೆ ಹೋಗುವಾಗ ಮೇಕೆಯೊಂದು ಬಂದು ಗಿಳಿಹಸಿರು ಸೆರಗನ್ನು ಹುಲ್ಲೆಂದು ತಿಳಿದು ಬಾಯಿ ಹಾಕಿತು. ಆ ಅಂಗಡಿಯ ಬಣ್ಣ ಹೋಗಿಲ್ಲ ಎಂದು ಒಪ್ಪಿಕೊಂಡ ಮೊದಲ ಗಿರಾಕಿ ಅದು. ಅದನ್ನು ಓಡಿಸಿ ಬೆವರು ಒರೆಸಿಕೊಳ್ಳುತ್ತಿರುವಾಗ ಎದುರಿಗೆ ಒಂದು ಗಾಡಿ ನಿಂತಿತು. ರಾಯದುರ್ಗದವರು. ನಾವು ಎಣಿಸಿದ್ದಕ್ಕಿಂತ ಮುಂಚೆಯೇ ಬಂದಿದ್ದರು. ಮಕಬೂಲ ಚಳ್ಳಕೆರೆಯಲ್ಲಿ ಇನ್ನೂ ಅಂಟು ಹಚ್ಚುತ್ತಿದ್ದ. ಅಕ್ಕ ಭಾವ ಒಳಗೆ ಊಟಕ್ಕೆ ಕೂತಿದ್ದರು. ಗಂಡಸರು ನಮ್ಮ ಕಡೆ ನೋಡದೆ ಎದುರಂಗಡಿಗೆ ಹೆಜ್ಜೆ ಹಾಕಿದರು.

ಹಿಂದಿನ ಸೀಟಿನಿಂದ ಕೊನೆಗೆ ಇಳಿದದ್ದು ಒಬ್ಬ ಅಜ್ಜಿ. ಬಾಗಿದ ಬೆನ್ನು, ಕಿವಿಯಲ್ಲಿ ದೊಡ್ಡ ಓಲೆ. ಅವಳು ರಸ್ತೆ ದಾಟಲು ಬೇಸರಪಟ್ಟು, ಹತ್ತಿರವಿದ್ದ ನಮ್ಮ ಕಟ್ಟೆಗೆ ಕೈ ಊರಿ ನಿಂತಳು. ನಿಂತವಳು ಕಿಂಡಿಯೊಳಗೆ ಕೈ ಚಾಚಿ ಸೆರಗನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದಳು. ಮುದ್ದೆ ಮಾಡಿ ಹಿಸುಕಿ ಕಿವಿಯ ಹತ್ತಿರ ಹಿಡಿದಳು. ರೇಷ್ಮೆ ಸರಸರ ಎಂದಿತು. ಸೀರೆಯನ್ನೇ ಹೊರಕ್ಕೆಳೆದು ಬಿಸಿಲಿಗೆ ಹಿಡಿದಳು. ಅಂಚಿನ ಜರಿ ಫಳಕ್ಕೆಂದಿತು. "ಒರೇಯ್, ಇಕ್ಕಡಿಕಿ ರಂಡಿರಾ!" ಎಂದು ಎದುರಂಗಡಿಯ ಮೆಟ್ಟಿಲು ಹತ್ತುತ್ತಿದ್ದವರನ್ನು ಅಲ್ಲಿಂದಲೇ ಕೂಗಿದಳು. ಇಲ್ಲಿಗೇ ಬನ್ನಿ ಎಂದು ಕರೆದ ಆ ದನಿಗೆ ಗಂಡಸರು ಎತ್ತಿದ ಕಾಲನ್ನು ಹಾಗೇ ಇಳಿಸಿ ಹಿಂದಿರುಗಿದರು. ರೇಷ್ಮೆಯನ್ನು ಕಣ್ಣಲ್ಲಿ ನೋಡುವವರು ಗಂಡಸರು. ಹೆಂಗಸರು ಅದನ್ನು ಬೆರಳಲ್ಲಿ ನೋಡುತ್ತಾರೆ, ಕಿವಿಯಲ್ಲಿ ನೋಡುತ್ತಾರೆ. ನಾನು ಆ ಬೆರಳಿಗೂ ಸೀರೆಗೂ ನಡುವೆ ಒಂದಲ್ಲ, ಎರಡು ಗಾಜು ತಂದು ನಿಲ್ಲಿಸಿದ್ದೆ.

ಅಜ್ಜಿ ಬೆಲೆ ಕೇಳಿದಳು. ಅಕ್ಕನನ್ನು ಕರೆಯಬೇಕಿತ್ತು. ಆದರೆ ಬೆಲೆ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಹೇಳಿದೆ. ಅವಳು ನನ್ನನ್ನೇ ನೋಡುತ್ತ, "ಇಂಕಾ ತಗ್ಗಿಂಚು," ಎಂದಳು, ಇನ್ನೂ ಇಳಿಸು ಎಂದು. "ಇದೇ ಕೊನೇ ಬೆಲೆ ಅಜ್ಜಿ, ದೇವ್ರಾಣೆ," ಎಂದೆ. ಅವಳು ಬೊಚ್ಚುಬಾಯಿ ಬಿಟ್ಟು ನಕ್ಕು, "ಇಂಕಾ," ಎಂದಳು. ಮಗ್ಗದವರ ಕೂಲಿ ಹೇಳಿದೆ, ಜರಿಯ ದರ ಹೇಳಿದೆ, ನಷ್ಟಕ್ಕೆ ಕೊಡುತ್ತಿದ್ದೇನೆ ಎಂದು ದನಿ ನಡುಗಿಸಿದೆ. ಚಳ್ಳಕೆರೆಯಲ್ಲಿ ಈ ನಡುಕಕ್ಕೆ ಕಟುಕರೂ ಕರಗಿದ್ದಾರೆ. ಅವಳು ಒಂದೊಂದಕ್ಕೂ ನನ್ನ ಮುಖದ ಪಕ್ಕಕ್ಕೊಮ್ಮೆ ಕಣ್ಣು ಹಾಯಿಸಿ, "ಇಂಕಾ," ಎಂಬ ಆ ಒಂದೇ ಮಾತಿನಲ್ಲಿ ನನ್ನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದಳು. ಇನ್ನು ಇಳಿದರೆ ನೇಯ್ದವರ ಕೂಲಿಗೇ ಕೈ ಹಾಕಬೇಕು ಎನ್ನುವ ಜಾಗದಲ್ಲಿ ನಾನು, "ಆಗಲ್ಲ ಅಜ್ಜಿ," ಎಂದೆ. ಅವಳು ಮತ್ತೆ ಪಕ್ಕಕ್ಕೆ ನೋಡಿದಳು. ಈ ಸಲ, "ಸರೇ," ಎಂದು ಒಪ್ಪಿಬಿಟ್ಟಳು.

ಅಷ್ಟರಲ್ಲಿ ಅಕ್ಕ ಕೈ ತೊಳೆದು ಹೊರಗೆ ಬಂದಳು. ಜವಳಿ ಪೂರ್ತಿ ಅಲ್ಲೇ ಆಯಿತು. ಗಾಡಿಯ ಡಿಕ್ಕಿ ಮುಚ್ಚಲಾಗದಷ್ಟು. ಆದರೆ ಮೊದಲ ಸೀರೆಗೆ ನಾನು 'ಹೂಂ' ಅಂದ ದರವನ್ನೇ ಹಿಡಿದು ಅಜ್ಜಿ ಕೊನೆಯ ಸೀರೆಯವರೆಗೂ ಬಂದಳು. ನೇಯ್ದವರ ಕೂಲಿ ಹುಟ್ಟಿತು, ಅಕ್ಕನ ಮಾನ ಉಳಿಯಿತು. ಲಾಭ ಮಾತ್ರ ಗಾಡಿ ಹತ್ತಿ ರಾಯದುರ್ಗಕ್ಕೆ ಹೋಯಿತು. "ಮಗ್ಗದೋರು ಬದುಕಿದ್ರು, ಅಷ್ಟು ಸಾಕು," ಎಂದಳು ಅಕ್ಕ, ನನ್ನ ಮುಖ ನೋಡದೆ. ಕಿಟಕಿಗೆ ಮತ್ತೆ ಗಾಜು ಬೇಡವೆಂದೂ, ಹಗಲು ತೆರೆದು ರಾತ್ರಿ ಮುಚ್ಚುವ ಮರದ ಹಲಗೆ ಸಾಕೆಂದೂ, ಹೊರಗಡೆ ಕೈಗೆ ಸಿಗುವ ಹಾಗೆ ಒಂದು ಸೀರೆ ಇಳಿಬಿಟ್ಟರೆ ದೂಳಿಗೆ ಅದೊಂದು ಬಲಿಯಾದರೂ ಚಿಂತೆಯಿಲ್ಲವೆಂದೂ ಅಂದೇ ತೀರ್ಮಾನಿಸಿದಳು. ಸಲಹೆ ಕೊಡಲು ನಾನು ಬಾಯಿ ತೆರೆಯಹೋದೆ. ಅವಳು ತೆರೆಗೊಡಲಿಲ್ಲ. ಗಾಜುಗಳ ಜೋಡಿ ಬಿಡಿಸಿ ಮಕಬೂಲ ದೇವರ ಪಟಗಳಿಗೆ ಕೊಯ್ದು ಹಾಕಿದ. ಕಲೆ ಹೋಗದ ಮೂರನೆಯದು ಏನು ಮಾಡಿದರೂ ಮಾರಾಟವಾಗಲಿಲ್ಲ.

ನನ್ನನ್ನು ಕೊರೆದದ್ದು ಅದಾವುದೂ ಅಲ್ಲ. ಗಾಡಿ ಹತ್ತುವ ಮುಂಚೆ ಅಜ್ಜಿ ನನ್ನ ಹತ್ತಿರ ಬಂದು, ಮೊಮ್ಮಗನಿಗೆ ಹೇಳುವಂತೆ ಪ್ರೀತಿಯಿಂದಲೇ, "ನೀ ಚೆವುಲು ಚೆಪ್ತಾಯಯ್ಯಾ," ಎಂದಿದ್ದಳು. ನಿನ್ನ ಕಿವಿಗಳೇ ಹೇಳುತ್ತವಪ್ಪಾ! ಅರ್ಥವಾಗಲಿಲ್ಲ. ಸಂಜೆ ಬಸ್ಸಿಗೆ ಕಾಯುತ್ತ ಭಾವನನ್ನು ಕೇಳಿದೆ.

"ಸುಳ್ಳು ಬೆಲೆ ಹೇಳಿದಾಗೆಲ್ಲಾ ನಿನ್ನ ಕಿವಿ ಕೆಂಪಗಾಗ್ತಾವೆ," ಎಂದರು ಭಾವ ಅಡಿಕೆ ಅಗಿಯುತ್ತ. "ನಿಜ ಹೇಳಿದ ತಕ್ಷಣ ಇಳೀತಾವೆ. ನನ್ನ ಮದುವೆ ಮಾತುಕತೆ ದಿನದಿಂದ ನೋಡ್ತಾ ಇದೀನಿ."

"ಮತ್ತೆ ನಂಗ್ಯಾಕೆ ಇಷ್ಟು ವರ್ಷ ಹೇಳಲಿಲ್ಲ?"

"ನೀನು ಯಾವತ್ತು ನನ್ನ ಸಲಹೆ ಕೇಳಿದ್ದೆ?"

ಈ ಸಂಗತಿ ಓದಿದ ಮೇಲೆ ಯಾರಿಗಾದರೂ ಬೇಸಿಗೆಯಲ್ಲಿ ಚಳ್ಳಕೆರೆಗೆ ಬರುವ ಸಂದರ್ಭ ಬರಬಹುದು. ಕಾಗೆಯೂ ನೆರಳು ಬಿಟ್ಟು ಕದಲದ ನಡುಮಧ್ಯಾಹ್ನ, ಪಾವಗಡ ರಸ್ತೆಯ ತಗಡಿನ ಗೋದಾಮಿನ ಮುಂದೆ, ತಲೆಯಿಂದ ಗದ್ದದವರೆಗೆ ದಪ್ಪ ಉಣ್ಣೆಯ ಮಫ್ಲರು ಬಿಗಿದುಕೊಂಡು, ಕತ್ತಿನಲ್ಲಿ ಬೆವರು ಸುರಿಯುತ್ತಿರುವವನೊಬ್ಬ ಬಾಗಿಲಿನ ಬೆಲೆ ಹೇಳುತ್ತಿದ್ದರೆ ಗಾಬರಿಯಾಗಬೇಡಿ. ಕೇಳಿದವರಿಗೆಲ್ಲ ನಾನು ಶೀತ ಎಂದು ಹೇಳುತ್ತೇನೆ. ಹಾಗೆ ಹೇಳುವಾಗ ಒಳಗೆ ಎರಡೂ ಕಿವಿ ಬಿಸಿಯಾಗುವುದು ನನಗೆ ಗೊತ್ತಾಗುತ್ತದೆ.